ಸಂಘದ ಜಾವಾ ಆ್ಯಪ್‌ಗೆ ಗೂಗಲ್ ಲಾಗಿನ್: ರೀಡೈರೆಕ್ಟ್ ಎರರ್, ಜೊತೆಗೆ ಯಾವ ಸದಸ್ಯ ಯಾರು ಅನ್ನೋ ತಲೆನೋವು

ಮೂಡಿಗೆರೆ ಮಳೆ (ಭಾನುವಾರ, ಸಂಜೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಬೆಳೆಗಾರರ ಸಂಘದ ವೆಬ್ ಆ್ಯಪ್ ನೋಡ್ಕೊಳ್ತಿದ್ದೀನಿ. ಸ್ಪ್ರಿಂಗ್ ಬೂಟ್ 3, ಜಾವಾ 17, ಪೋಸ್ಟ್‌ಗ್ರೆಸ್, ಪುಟಗಳೆಲ್ಲ ಥೈಮ್‌ಲೀಫ್. ಸರ್ವರ್ ಸಂಘದ ಆಫೀಸಲ್ಲೇ ಇದೆ. ಫೈಬರ್ ಲೈನು, ಸ್ಟ್ಯಾಟಿಕ್ ಐಪಿ, ಮುಂದೆ ಎಂಜಿನ್‌ಎಕ್ಸ್ (ಹೊರಗಿನ ರಿಕ್ವೆಸ್ಟ್ ತಗೊಂಡು ಒಳಗೆ ದಾಟಿಸೋ ವೆಬ್ ಸರ್ವರ್), ಹಿಂದೆ 8080 ಪೋರ್ಟ್‌ನಲ್ಲಿ ಆ್ಯಪ್. ಸದಸ್ಯರು ಒಳಗೆ ಬಂದು ತಾವು ಹಾಕಿದ ಮೂಟೆ ಲೆಕ್ಕ, ಔಟ್‌ಟರ್ನ್ ವರದಿ (ಸಂಸ್ಕರಿಸಿದ ಮೇಲೆ ಎಷ್ಟು ಕಾಫಿ ಸಿಕ್ತು ಅನ್ನೋದು), ಗೊಬ್ಬರದ ಬಾಕಿ ನೋಡ್ತಾರೆ.

ಈಗಿರೋದು ಸದಸ್ಯತ್ವ ಸಂಖ್ಯೆ ಮತ್ತು ಪಾಸ್‌ವರ್ಡ್. ಯಾರಿಗೂ ನೆನಪಿರಲ್ಲ. ಕೊಯ್ಲಿನ ಟೈಮಲ್ಲಂತೂ ಆಫೀಸ್ ಫೋನಿಗೆ ಬಿಡುವೇ ಇಲ್ಲ, ಎಲ್ಲಾ "ನನ್ ಪಾಸ್‌ವರ್ಡ್ ಏನು" ಅಂತ. ಎಸ್ಸೆಮ್ಮೆಸ್ ಓಟಿಪಿ ಯೋಚನೆ ಮಾಡಿದ್ವಿ. ಅದಕ್ಕೆ ಡಿಎಲ್‌ಟಿ (ಸಂಸ್ಥೆಗಳು ಎಸ್ಸೆಮ್ಮೆಸ್ ಕಳಿಸೋಕೆ ಬೇಕಾದ) ನೋಂದಣಿ, ಹೆಡರು, ಟೆಂಪ್ಲೇಟು ಅಂತ ಒಂದು ಸುತ್ತು ಇದೆ. ಅಷ್ಟು ಮಾಡಿದ್ರೂ ಕಳಸ, ಕೊಟ್ಟಿಗೆಹಾರ ಕಡೆ ಮನೆ ಒಳಗೆ ವೈಫೈ ಇರುತ್ತೆ, ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಓಟಿಪಿ ಬರೋ ಹೊತ್ತಿಗೆ ಅದರ ಅವಧಿ ಮುಗಿದಿರುತ್ತೆ. ಹಾಗಾಗಿ ಗೂಗಲ್ ಲಾಗಿನ್ ಅಂತ ತೀರ್ಮಾನ ಆಯ್ತು.

ನನ್ನ ಲ್ಯಾಪ್‌ಟಾಪಲ್ಲಿ ಲೋಕಲ್‌ಹೋಸ್ಟ್‌ನಲ್ಲಿ ಚೆನ್ನಾಗಿ ಓಡ್ತಿದೆ. ಕ್ಲೈಂಟ್ ಐಡಿ, ಸೀಕ್ರೆಟ್ ಹಾಕಿದ್ದಷ್ಟೇ, ಉಳಿದದ್ದೆಲ್ಲ ಸ್ಪ್ರಿಂಗ್ ಸೆಕ್ಯುರಿಟಿನೇ ಮಾಡ್ತು. ಸರ್ವರ್‌ಗೆ ಹಾಕಿದ ತಕ್ಷಣ ಗೂಗಲ್ ಪುಟದಲ್ಲಿ 400, ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್ (ಲಾಗಿನ್ ಆದ ಮೇಲೆ ಗೂಗಲ್ ವಾಪಸ್ ಕಳಿಸಬೇಕಾದ ವಿಳಾಸ ತಾಳೆ ಆಗ್ತಿಲ್ಲ). ಗೂಗಲ್ ಕನ್ಸೋಲ್‌ನಲ್ಲಿ (ಆ್ಯಪ್ ನೋಂದಾಯಿಸೋ ಜಾಗ) ಕೊಟ್ಟಿರೋ ವಿಳಾಸ ಸರಿಯಾಗೇ ಇದೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿದೀನಿ.

ಎರಡನೇ ಪ್ರಶ್ನೆ: ಲಾಗಿನ್ ಆದ ಮೇಲೆ ಬರೋ ಜಿಮೇಲ್ ವಿಳಾಸವನ್ನ ನಮ್ಮ ಸದಸ್ಯರ ಟೇಬಲ್‌ನ ಇಮೇಲ್ ಕಾಲಂ ಜೊತೆ ಹೋಲಿಸಿ ಒಳಗೆ ಬಿಟ್ರೆ ಸಾಕಲ್ವಾ?

---

ಹಾಸನದ ಹಳೇ ಟಾಮ್‌ಕ್ಯಾಟ್

ಮೊದಲನೇದು ಸುಲಭ, ಎರಡನೇದು ಸಾಲದು. ಒಂದೊಂದಾಗಿ ನೋಡೋಣ.

ಎರರ್ ಬಂದ ಪುಟದಲ್ಲೇ "ವಿವರ" ಅಂತ ಒಂದು ಕೊಂಡಿ ಇರುತ್ತೆ, ಒತ್ತಿ. ನಿಮ್ಮ ಆ್ಯಪ್ ಗೂಗಲ್‌ಗೆ ಯಾವ ವಿಳಾಸ ಕಳಿಸ್ತು ಅನ್ನೋದು ಅಲ್ಲಿ ಕಾಣುತ್ತೆ. ನಾನು ನೋಡದೇ ಹೇಳ್ತೀನಿ, ಅದು ಎಚ್‌ಟಿಟಿಪಿ ಅಂತ ಶುರುವಾಗಿರುತ್ತೆ, ಕನ್ಸೋಲ್‌ನಲ್ಲಿ ನೀವು ಕೊಟ್ಟಿರೋದು ಎಚ್‌ಟಿಟಿಪಿಎಸ್. ಗೂಗಲ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತೆ. ಎಸ್ ಒಂದು ಕಡಿಮೆ ಆದ್ರೂ, ಕೊನೇಲಿ ಒಂದು ಓರೆಗೆರೆ ಜಾಸ್ತಿ ಆದ್ರೂ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇದ್ದು ಇಲ್ಲದಂತಾದ್ರೂ ಆಚೆ ಕಳಿಸುತ್ತೆ.

ಯಾಕೆ ಹೀಗೆ? ಎಚ್‌ಟಿಟಿಪಿಎಸ್ ಬಿಚ್ಚೋದು ಎಂಜಿನ್‌ಎಕ್ಸ್. ಅಲ್ಲಿಂದ ಒಳಕ್ಕೆ 8080ಕ್ಕೆ ಬರೋದು ಬರೀ ಎಚ್‌ಟಿಟಿಪಿ. ಸ್ಪ್ರಿಂಗ್ ರೀಡೈರೆಕ್ಟ್ ವಿಳಾಸ ಕಟ್ಟೋದು ತನಗೆ ಬಂದ ರಿಕ್ವೆಸ್ಟ್ ನೋಡಿ: ಬೇಸ್ ಯುಆರ್‌ಎಲ್, ಅದಕ್ಕೆ ಲಾಗಿನ್/ಓಆತ್2/ಕೋಡ್/ಗೂಗಲ್ ಸೇರಿಸಿ. ಬೇಸ್ ತಪ್ಪಾದ್ರೆ ಎಲ್ಲ ತಪ್ಪು. ಲೋಕಲ್‌ಹೋಸ್ಟ್‌ಗೆ ಮಾತ್ರ ಗೂಗಲ್ ಎಚ್‌ಟಿಟಿಪಿ ರಿಯಾಯ್ತಿ ಕೊಟ್ಟಿದೆ, ಅದಕ್ಕೇ ಲ್ಯಾಪ್‌ಟಾಪಲ್ಲಿ ಓಡ್ತು. ಬರೀ ಐಪಿ ವಿಳಾಸ ಕೊಟ್ರೂ ಒಪ್ಪಲ್ಲ, ಡೊಮೇನ್ ಬೇಕು.

ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಪ್ರಾಕ್ಸಿ ಪಾಸ್ ಸಾಲಿನ ಕೆಳಗೆ ಹೋಸ್ಟ್, ಎಕ್ಸ್-ಫಾರ್ವರ್ಡೆಡ್-ಪ್ರೋಟೊ, ಎಕ್ಸ್-ಫಾರ್ವರ್ಡೆಡ್-ಫಾರ್ ಈ ಮೂರು ಹೆಡರ್ ಕಳಿಸಿ. ಪ್ರೋಟೊಗೆ ಡಾಲರ್ ಸ್ಕೀಮ್ ವೇರಿಯಬಲ್. ಆಮೇಲೆ ಆ್ಯಪ್ ಪ್ರಾಪರ್ಟೀಸ್‌ನಲ್ಲಿ ಸರ್ವರ್ ಡಾಟ್ ಫಾರ್ವರ್ಡ್-ಹೆಡರ್ಸ್-ಸ್ಟ್ರಾಟಜಿ ಅನ್ನೋದಕ್ಕೆ ಫ್ರೇಮ್‌ವರ್ಕ್ ಅಥವಾ ನೇಟಿವ್ ಅಂತ ಕೊಡಿ. ಅದಿಲ್ಲದೆ ಹೆಡರ್ ಬಂದ್ರೂ ಸ್ಪ್ರಿಂಗ್ ಕಣ್ಣೆತ್ತಿ ನೋಡಲ್ಲ.

ಹಾಗೇ 8080 ಹೊರಗಿನವರಿಗೆ ತೆರೆದಿದೆಯಾ ನೋಡ್ಕೊಳ್ಳಿ. ತೆರೆದಿದ್ರೆ ಯಾರು ಬೇಕಾದ್ರೂ ನೇರ ಬಂದು ಸುಳ್ಳು ಹೆಡರ್ ಕೊಡ್ತಾರೆ. 127.0.0.1ಕ್ಕೆ (ಆ ಮೆಷೀನ್‌ಗೆ ಮಾತ್ರ ಕಾಣೋ ವಿಳಾಸ) ಕಟ್ಟಿ ಹಾಕಿ.

---

ಸಕಲೇಶಪುರ ಲೋಕಲ್

ಇಷ್ಟೆಲ್ಲ ಯಾಕೆ ಗುರು, ಪ್ರಾಪರ್ಟೀಸ್‌ನಲ್ಲಿ ರೀಡೈರೆಕ್ಟ್ ಯುಆರ್‌ಐ ಪೂರ್ತಿ ಎಚ್‌ಟಿಟಿಪಿಎಸ್ ಹಾಕಿ ಬರೆದುಬಿಡಿ. ಎರಡು ನಿಮಿಷದ ಕೆಲಸ.

---

ಮೂಡಿಗೆರೆ ಮಳೆ (ಸೋಮವಾರ)

ಟಾಮ್‌ಕ್ಯಾಟ್ ಸರ್ ಹೇಳಿದ್ದೇ ನಿಜ, ಎಚ್‌ಟಿಟಿಪಿ ಹೋಗ್ತಿತ್ತು. ಅವಸರಕ್ಕೆ ಲೋಕಲ್ ಹೇಳಿದ ಹಾಗೆ ವಿಳಾಸ ಪೂರ್ತಿ ಬರೆದೆ, ಗೂಗಲ್ ಪುಟ ದಾಟಿತು. ಈಗ ವಾಪಸ್ ಬಂದಾಗ ಕೆಲವರಿಗೆ ಮಾತ್ರ ಆಥರೈಸೇಶನ್ ರಿಕ್ವೆಸ್ಟ್ ನಾಟ್ ಫೌಂಡ್ ಅಂತ ಬರ್ತಿದೆ. ನನಗೆ ಒಂದ್ಸಲವೂ ಬಂದಿಲ್ಲ. ಆಫೀಸಿನವರು ವಾಟ್ಸಾಪ್ ಗುಂಪಿನ ಕೊಂಡಿ ಒತ್ತಿ ಬಂದ್ರೆ ಬರುತ್ತೆ.

---

ಲ್ಯಾಬ್ ಮೇಡಂ

ಹಾಸನದಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಇದೇ ವಿಷಯ ಲ್ಯಾಬ್ ಮಾಡಿಸ್ತೀನಿ, ಈ ಎರರ್ ಪ್ರತಿ ಬ್ಯಾಚ್‌ನಲ್ಲೂ ಬರುತ್ತೆ. ಏನಾಗ್ತಿದೆ ಹೇಳ್ತೀನಿ.

"ಗೂಗಲ್ ಮೂಲಕ ಬನ್ನಿ" ಬಟನ್ ಒತ್ತಿದಾಗ ಸ್ಪ್ರಿಂಗ್ ಸ್ಟೇಟ್ ಅನ್ನೋ ಒಂದು ಯಾದೃಚ್ಛಿಕ ಅಕ್ಷರಗಳ ಸಾಲು ಮಾಡಿ ಅದನ್ನ ಸೆಷನ್‌ನಲ್ಲಿ ಇಟ್ಕೊಂಡು, ಅದೇ ಮೌಲ್ಯವನ್ನ ಗೂಗಲ್‌ಗೆ ಕಳಿಸುತ್ತೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಿಸೋ ಕಡೆ) ಮೂಟೆ ಇಳಿಸಿದಾಗ ಕೊಡೋ ತೂಕದ ಚೀಟಿ ಇದ್ದ ಹಾಗೆ: ಅರ್ಧ ಅವರ ಬುಕ್ಕಲ್ಲಿ, ಅರ್ಧ ನಿಮ್ಮ ಕೈಲಿ, ಎರಡೂ ಕೂಡಿದ್ರೆ ಮಾತ್ರ ಲೆಕ್ಕ. ಬೇರೆ ಯಾರೋ ತಮ್ಮ ಲಾಗಿನ್ ಕೋಡನ್ನ ನಿಮ್ಮ ಬ್ರೌಸರಿಗೆ ತುರುಕದಂತೆ ತಡೆಯೋದು ಇದರ ಕೆಲಸ. ಗೂಗಲ್‌ನಿಂದ ವಾಪಸ್ ಬರೋವಾಗ ಜೆಸೆಷನ್‌ಐಡಿ ಕುಕಿ ಜೊತೆಗೆ ಬರಲಿಲ್ಲ ಅಂದ್ರೆ ಸೆಷನ್ ಸಿಗಲ್ಲ, ಸೆಷನ್ ಸಿಗದಿದ್ರೆ ಸ್ಟೇಟ್ ಸಿಗಲ್ಲ.

ಕುಕಿ ಯಾಕೆ ಬರಲಿಲ್ಲ? ನಿಮ್ಮ ವಿಷಯದಲ್ಲಿ ವಾಟ್ಸಾಪ್ ಕೊಂಡಿಯಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇದೆ ಅನ್ಸುತ್ತೆ. ಕುಕಿ ಆ ಹೆಸರಿಗೆ ಅಂಟಿಕೊಳ್ತು. ನೀವು ರೀಡೈರೆಕ್ಟ್ ವಿಳಾಸವನ್ನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದೆ ಗಟ್ಟಿ ಬರೆದಿದ್ದೀರಿ. ಹೋದದ್ದು ಒಂದು ಹೆಸರಿಂದ, ಬಂದದ್ದು ಇನ್ನೊಂದು ಹೆಸರಿಗೆ. ಬ್ರೌಸರ್ ಕುಕಿ ಕೊಡಲ್ಲ. ಲ್ಯಾಬಲ್ಲಿ ಇದೇ ಕಥೆ ಲೋಕಲ್‌ಹೋಸ್ಟ್ ಮತ್ತು 127.0.0.1 ನಡುವೆ ನಡೆಯುತ್ತೆ.

ಇನ್ನೂ ಎರಡು ಕಾರಣ ಇರಬಹುದು. ಸೆಷನ್ ಕುಕಿಗೆ ಸೇಮ್‌ಸೈಟ್ ಸ್ಟ್ರಿಕ್ಟ್ ಹಾಕಿದ್ರೆ ಗೂಗಲ್ ಪುಟದಿಂದ ಬರೋ ರಿಕ್ವೆಸ್ಟಿಗೆ ಕುಕಿ ಹೋಗಲ್ಲ. ಲ್ಯಾಕ್ಸ್ ಸಾಕು, ವಿಳಾಸಪಟ್ಟಿಯಲ್ಲೇ ನಡೆಯೋ ಗೆಟ್ ರಿಕ್ವೆಸ್ಟಿಗೆ ಅದು ಕುಕಿ ಬಿಡುತ್ತೆ. (ಕ್ರೋಮ್ 2020ರಿಂದ ಏನೂ ಹೇಳದ ಕುಕಿಯನ್ನ ಲ್ಯಾಕ್ಸ್ ಅಂತಲೇ ಎಣಿಸುತ್ತೆ.) ಇನ್ನೊಂದು, ಲಾಗಿನ್ ಆದ ಮೇಲೆ ಯಾರಾದ್ರೂ ಬ್ಯಾಕ್ ಒತ್ತಿ ಮತ್ತೆ ಅದೇ ಪುಟ ತೆರೆದ್ರೂ ಈ ಎರರ್ ಬರುತ್ತೆ, ಸ್ಟೇಟ್ ಒಂದೇ ಸಲಕ್ಕೆ. ಹಾಗೆ ಬಂದವರಿಗೆ ಬಿಳಿ ಪುಟ ತೋರಿಸಬೇಡಿ, ಲಾಗಿನ್ ಪುಟಕ್ಕೆ ಕಳಿಸಿ.

---

ಹಾಸನದ ಹಳೇ ಟಾಮ್‌ಕ್ಯಾಟ್

ಮೇಡಂ ಹೇಳಿದ ಮೇಲೆ ನಾನು ಹೇಳೋದೇನಿಲ್ಲ. ಎಂಜಿನ್‌ಎಕ್ಸ್‌ನಲ್ಲೇ ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ ಬಂದವರನ್ನೆಲ್ಲ 301 ಹಾಕಿ ಒಂದೇ ಹೆಸರಿಗೆ ತಿರುಗಿಸಿ. ಗಟ್ಟಿ ಬರೆದ ಸಾಲು ತೆಗೆದು ಹೆಡರ್ ದಾರಿಗೇ ಬನ್ನಿ. ಎರಡು ನಿಮಿಷ ಉಳಿಸಿದ ಸಾಲು ನಿಮ್ಮ ಸೋಮವಾರ ಪೂರ್ತಿ ತಿಂತು ನೋಡಿ, ಲೋಕಲ್ ಸಾಹೇಬ್ರೆ.

---

ಸಕಲೇಶಪುರ ಲೋಕಲ್

ಒಪ್ಪಿದೆ ಸ್ವಾಮಿ 😀 ನಮ್ಮ ಬೆಂಗಳೂರು ಆಫೀಸಲ್ಲಿ ಹಾಗೇ ನಡೀತಿದೆ, ಯಾರೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹಾಕಲ್ಲ ಅಷ್ಟೇ.

---

ತೋಟದ ರೈಟರ್

ನನಗೆ ಕೋಡ್ ಗೊತ್ತಿಲ್ಲ. ಆದ್ರೆ ಆ ಎರಡನೇ ಪ್ರಶ್ನೆ ಓದಿ ಸುಮ್ನಿರಕ್ಕಾಗಲಿಲ್ಲ. ಆಲ್ದೂರು ಕಡೆ ಒಂದು ತೋಟದಲ್ಲಿ ರೈಟರ್ (ಲೆಕ್ಕ ಬರೆಯೋನು) ನಾನು.

ಇಮೇಲ್ ನೋಡಿ ಒಳಗೆ ಬಿಡ್ತೀನಿ ಅಂತೀರಲ್ಲ, ನಮ್ಮ ಕಡೆ ಎಷ್ಟೋ ಯಜಮಾನರಿಗೆ ಜಿಮೇಲ್ ಮಾಡಿಕೊಟ್ಟಿದ್ದು ಮೊಬೈಲ್ ಅಂಗಡಿಯವನು. ಫೋನ್ ಕೊಂಡ ದಿನ ಅವನೇ ಏನೋ ಹೆಸರು ಹಾಕಿ ಅಕೌಂಟ್ ಮಾಡಿ ಕೊಟ್ಟಿರ್ತಾನೆ. ಪಾಸ್‌ವರ್ಡ್ ಅವನಿಗೆ ಗೊತ್ತು, ಯಜಮಾನರಿಗೆ ಗೊತ್ತಿಲ್ಲ. ಸಂಘದ ಫಾರಂನಲ್ಲಿ ಇಮೇಲ್ ಕೇಳಿದಾಗ ಯಾರೋ ಮಗಂದೋ, ಅಳಿಯಂದೋ, ಒಂದೊಂದ್ಸಲ ನನ್ನದೇ ಬರೆಸಿರ್ತಾರೆ. ನನ್ನ ಒಂದು ಜಿಮೇಲ್ ನಮ್ಮ ಯಜಮಾನರ ಸದಸ್ಯತ್ವಕ್ಕೂ ಇದೆ, ಪಕ್ಕದ ತೋಟದವರದ್ದಕ್ಕೂ ಇದೆ. ಈಗ ನಾನು ಗೂಗಲ್ ಬಟನ್ ಒತ್ತಿದ್ರೆ ಯಾರಾಗಿ ಒಳಗೆ ಹೋಗ್ತೀನಿ?

---

ಬೀಗದಕೈ

ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತಿ ಮುಖ್ಯ ಮಾತು ರೈಟರ್ ಅವರದ್ದು. ಗೂಗಲ್ ಹೇಳೋದು ಇಷ್ಟೇ: "ಈ ಅಕೌಂಟ್ ಹಿಡಿದಿರುವವರು ಈಗ ನನ್ನ ಮುಂದೆ ಇದ್ದಾರೆ." ಆ ಅಕೌಂಟ್ ಯಾವ ಸದಸ್ಯರದ್ದು ಅಂತ ಗೂಗಲ್‌ಗೂ ಗೊತ್ತಿಲ್ಲ, ನಿಮ್ಮ ಇಮೇಲ್ ಕಾಲಂಗೂ ಗೊತ್ತಿಲ್ಲ. ಆ ನಂಟನ್ನ ಸಂಘವೇ ಹಾಕಬೇಕು, ಒಂದು ಸಲ, ಗಟ್ಟಿಯಾಗಿ. ಲಾಗಿನ್ ಜೋಡಿಸೋದು ಅರ್ಧ ದಿನದ ಕೆಲಸ. ನಿಜವಾದ ಕೆಲಸ ಇದು.

ಇಮೇಲನ್ನ ಕೀಲಿಯಾಗಿ ಬಳಸೋದು ಹೇಗೆ ಕೈಕೊಡುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 2023ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಅಜೂರ್ ಎಡಿ ಲಾಗಿನ್ ಬಳಸುವ ಆ್ಯಪ್‌ಗಳ ಒಂದು ದೋಷ ಹೊರಬಂತು, ಎನ್‌ಓಆತ್ ಅಂತ ಹೆಸರಿಟ್ರು. ಅಲ್ಲಿ ಟೋಕನ್‌ನೊಳಗಿನ (ಟೋಕನ್ ಅಂದ್ರೆ ಲಾಗಿನ್ ಆದವರ ವಿವರ ಹೊತ್ತ ಚೀಟಿ) ಇಮೇಲ್ ಕ್ಲೇಮನ್ನ, ಅಂದ್ರೆ ಆ ವಿವರವನ್ನ, ತನ್ನದೇ ಟೆನೆಂಟ್‌ನ (ಒಂದು ಸಂಸ್ಥೆಯ ಪ್ರತ್ಯೇಕ ಜಾಗ) ಅಡ್ಮಿನ್ ಏನು ಬೇಕಾದ್ರೂ ಬರೆದುಕೊಳ್ಳಬಹುದಿತ್ತು, ಪರಿಶೀಲನೆ ಇರಲಿಲ್ಲ. ಇಮೇಲ್ ನೋಡಿ ಒಳಗೆ ಬಿಡ್ತಿದ್ದ ಆ್ಯಪ್‌ಗಳಲ್ಲಿ ಬೇರೆಯವರ ಇಮೇಲ್ ಬರೆದುಕೊಂಡು ಅವರ ಅಕೌಂಟ್‌ಗೇ ನುಗ್ಗಬಹುದಿತ್ತು. ಗೂಗಲ್‌ನಲ್ಲಿ ಜಿಮೇಲ್‌ಗೆ ಹೀಗಾಗಲ್ಲ. ಆದ್ರೆ ಸ್ವಂತ ಡೊಮೇನ್‌ನ ಮೇಲ್ ಇದ್ದು, ಆ ಡೊಮೇನ್ ಅವಧಿ ಮುಗಿದು ಬೇರೆಯವರು ಕೊಂಡರೆ ಅದೇ ವಿಳಾಸವನ್ನ ಅವರು ಹೊಸದಾಗಿ ಸೃಷ್ಟಿಸಬಹುದು.

ಅದಕ್ಕೇ ಓಪನ್‌ಐಡಿ ಕನೆಕ್ಟ್‌ನಲ್ಲಿ (ಗೂಗಲ್ ಲಾಗಿನ್ ನಡೆಯೋ ಪದ್ಧತಿ, ಚಿಕ್ಕದಾಗಿ ಓಐಡಿಸಿ) ಸಬ್ ಅನ್ನೋ ಕ್ಲೇಮ್ ಇದೆ, ಅದು ಆ ಅಕೌಂಟ್‌ನ ಗುರುತು. ಬಳಕೆದಾರ ಇಮೇಲ್ ಬದಲಾಯಿಸಿದ್ರೂ ಅದು ಬದಲಾಗಲ್ಲ. ಇಶ್ಯೂಯರ್ (ಟೋಕನ್ ಕೊಟ್ಟವರು, ಇಲ್ಲಿ ಗೂಗಲ್) ಮತ್ತು ಸಬ್, ಈ ಜೋಡಿಯೇ ಕೀಲಿ.

ಟೇಬಲ್ ಹೀಗೆ ಮಾಡಿ. ಸದಸ್ಯರ ಟೇಬಲ್ ಮುಟ್ಟಬೇಡಿ. ಬೇರೆ ಒಂದು ಟೇಬಲ್: ಇಶ್ಯೂಯರ್, ಸಬ್, ಸದಸ್ಯತ್ವ ಸಂಖ್ಯೆ, ಹಕ್ಕು, ಯಾವಾಗ ಜೋಡಿಸಿದ್ದು, ಯಾರು ಜೋಡಿಸಿದ್ದು. ಸಬ್ ಕಾಲಂ ಅನ್ನು ಪಠ್ಯವಾಗಿಯೇ ಇಡಿ, 255 ಅಕ್ಷರದವರೆಗೆ. ಗೂಗಲ್‌ನ ಸಬ್ ನೋಡಕ್ಕೆ ಬರೀ ಅಂಕಿ, ಸಾಮಾನ್ಯವಾಗಿ 21 ಅಂಕಿ. ಅಂಕಿಯಲ್ವಾ ಅಂತ ಲಾಂಗ್ ಟೈಪ್ ಹಾಕಿದ್ರೆ ಜಾವಾದ ಲಾಂಗ್ 19 ಅಂಕಿಗೇ ಮುಗಿಯುತ್ತೆ, ಪಾರ್ಸ್ ಮಾಡೋವಾಗ್ಲೇ ಒದರುತ್ತೆ.

---

ಮೂಡಿಗೆರೆ ಮಳೆ

ರೈಟರ್ ಅಣ್ಣ, ಥ್ಯಾಂಕ್ಸ್. ಡೇಟಾಬೇಸ್ ನೋಡಿದೆ, ಒಂದೇ ಜಿಮೇಲ್ ಹಲವು ಸದಸ್ಯತ್ವದಲ್ಲಿ ಇದೆ. ಇಮೇಲ್ ದಾರಿ ಕೈಬಿಟ್ಟೆ.

ಹಾಗಾದ್ರೆ ಮೊದಲ ಸಲ ಜೋಡಿಸೋದು ಹೇಗೆ? ಹಳೇ ಪಾಸ್‌ವರ್ಡ್ ನೆನಪಿರೋರು ಅದನ್ನ ಒಂದು ಸಲ ಹಾಕಿ ಜೋಡಿಸಬಹುದು. ನೆನಪಿಲ್ಲದವರೇ ಜಾಸ್ತಿ.

---

ಬೀಗದಕೈ

ಆಫೀಸಿಗೆ ಬರ್ತಾರಲ್ಲ, ಗೊಬ್ಬರಕ್ಕೋ, ಬಾಕಿ ಕಟ್ಟಕ್ಕೋ. ಬಂದಾಗ ಪಾಸ್‌ಬುಕ್ ನೋಡಿ, ಮುಖ ನೋಡಿ, ಗುಮಾಸ್ತರು ಒಂದು ಜೋಡಣೆ ಕೋಡ್ ತೆಗೆದು ಕೊಡಲಿ. ಸೆಕ್ಯೂರ್‌ರ್ಯಾಂಡಮ್‌ನಿಂದ ತೆಗೆದದ್ದು, ಒಂದೇ ಸಲಕ್ಕೆ, ಒಂದೆರಡು ದಿನದಲ್ಲಿ ಸಾಯುವಂಥದ್ದು. ಡೇಟಾಬೇಸ್‌ನಲ್ಲಿ ಹ್ಯಾಶ್ (ಮೂಲ ಕೋಡ್ ವಾಪಸ್ ತೆಗೆಯಲಾಗದ ರೂಪ) ಮಾತ್ರ ಇರಲಿ, ಕೆಲವು ಸಲ ತಪ್ಪಿದ್ರೆ ಕೋಡ್ ರದ್ದಾಗಲಿ. ಸದಸ್ಯರು ಗೂಗಲ್ ಲಾಗಿನ್ ಆಗ್ತಾರೆ, ನಂಟು ಇಲ್ಲ ಅಂತ ಗೊತ್ತಾದ್ರೆ ಆ್ಯಪ್ ಅವರನ್ನ "ಕೋಡ್ ಹಾಕಿ" ಪುಟಕ್ಕೆ ಮಾತ್ರ ಬಿಡುತ್ತೆ, ಬೇರೆ ಎಲ್ಲೂ ಬಿಡಲ್ಲ.

ಕೋಡನ್ನ ಫೋನಲ್ಲಿ ಹೇಳಬೇಡಿ ಅಂತ ಗುಮಾಸ್ತರಿಗೆ ಒತ್ತಿ ಹೇಳಿ. ಅಲ್ಲೇ ಸಡಿಲ ಆದ್ರೆ ಮಿಕ್ಕಿದ್ದು ಏನು ಮಾಡಿದ್ರೂ ವ್ಯರ್ಥ.

---

ತೋಟದ ರೈಟರ್

ಯಜಮಾನರಿಗೆ ವಯಸ್ಸಾಗಿದೆ, ಲೆಕ್ಕ ನೋಡೋನು ನಾನೇ. ಮಗ ಬೆಂಗಳೂರಲ್ಲಿದ್ದಾನೆ, ಅವನೂ ನೋಡ್ತಾನೆ. ಮೂರೂ ಜನ ಒಂದೇ ಜಿಮೇಲ್ ಇಟ್ಕೊಳ್ಳೋದು ಬಿಟ್ರೆ ದಾರಿ ಇಲ್ವಾ?

---

ಬೀಗದಕೈ

ಇದೆ, ಅದಕ್ಕೇ ಆ ಟೇಬಲ್‌ನಲ್ಲಿ ಹಕ್ಕು ಅಂತ ಒಂದು ಕಾಲಂ ಇಟ್ಟಿದ್ದು. ಒಂದು ಸದಸ್ಯತ್ವಕ್ಕೆ ಹಲವು ಅಕೌಂಟ್ ಜೋಡಿಸಬಹುದು. ಒಂದು ಅಕೌಂಟ್‌ಗೆ ಹಲವು ಸದಸ್ಯತ್ವವೂ ಇರಬಹುದು, ಲಾಗಿನ್ ಆದಾಗ "ಯಾವ ಖಾತೆ ನೋಡ್ಬೇಕು" ಅಂತ ಪಟ್ಟಿ ತೋರಿಸಿದ್ರಾಯ್ತು. ರೈಟರಿಗೆ ನೋಡೋ ಹಕ್ಕು ಮಾತ್ರ. ಬ್ಯಾಂಕ್ ಖಾತೆ ಬದಲಾವಣೆ, ಮಾರಾಟಕ್ಕೆ ಒಪ್ಪಿಗೆ ಇವು ಸದಸ್ಯರಿಗೆ ಮಾತ್ರ. ನೀವು ಆ ತೋಟ ಬಿಟ್ಟು ಹೋದ ದಿನ ನಿಮ್ಮ ಒಂದು ಸಾಲು ಅಳಿಸಿದ್ರೆ ಮುಗೀತು, ಯಜಮಾನರ ಪಾಸ್‌ವರ್ಡ್ ಬದಲಾಯಿಸೋ ಗೋಜಿಲ್ಲ.

---

ಮೂಡಿಗೆರೆ ಮಳೆ (ಬುಧವಾರ)

ಟೇಬಲ್ ಆಯ್ತು, ಕೋಡ್ ಪುಟ ಆಯ್ತು. ಒಂದು ವಿಚಿತ್ರ. ಲಾಗಿನ್ ಆದಾಗ ನಂಟು ಹುಡುಕೋಕೆ ಡಿಫಾಲ್ಟ್ ಓಆತ್2 ಯೂಸರ್ ಸರ್ವಿಸ್‌ನ ಎಕ್ಸ್‌ಟೆಂಡ್ ಮಾಡಿ ಯೂಸರ್‌ಇನ್ಫೋ ಎಂಡ್‌ಪಾಯಿಂಟ್ ಕೆಳಗೆ ಕೊಟ್ಟಿದೀನಿ. ಅದು ಓಡ್ತಾನೇ ಇಲ್ಲ. ಬ್ರೇಕ್‌ಪಾಯಿಂಟ್ ಇಟ್ರೆ ನಿಲ್ಲಲ್ಲ, ಲಾಗ್ ಇಲ್ಲ, ಎರರೂ ಇಲ್ಲ. ಲಾಗಿನ್ ಮಾತ್ರ ಆಗ್ತಿದೆ.

---

ಲ್ಯಾಬ್ ಮೇಡಂ

ಗೂಗಲ್‌ಗೆ ಸ್ಪ್ರಿಂಗ್‌ನಲ್ಲಿ ಮೊದಲೇ ಇರೋ ಸ್ಕೋಪ್‌ಗಳಲ್ಲಿ (ಗೂಗಲ್ ಹತ್ರ ಕೇಳೋ ಅನುಮತಿಗಳು) ಓಪನ್‌ಐಡಿ ಇದೆ. ಅದು ಇದ್ದ ತಕ್ಷಣ ಸ್ಪ್ರಿಂಗ್ ಓಐಡಿಸಿ ದಾರಿ ಹಿಡಿಯುತ್ತೆ, ಅಲ್ಲಿ ಕರೆಯೋದು ಓಐಡಿಸಿ ಯೂಸರ್ ಸರ್ವಿಸ್. ನೀವು ಬರೆದಿರೋದು ಗಿಟ್‌ಹಬ್ ಥರ ಬರೀ ಓಆತ್ ಇರೋರಿಗೆ. ಓಐಡಿಸಿ ಯೂಸರ್ ಸರ್ವಿಸ್‌ನ ಎಕ್ಸ್‌ಟೆಂಡ್ ಮಾಡಿ, ಅದೇ ಜಾಗದಲ್ಲಿ ಓಐಡಿಸಿಯೂಸರ್‌ಸರ್ವಿಸ್ ಮೆಥಡ್‌ಗೆ ಕೊಡಿ, ಓಡುತ್ತೆ. ನಂಟು ಸಿಗದಿದ್ರೆ ಎಕ್ಸೆಪ್ಶನ್ ಎಸೆಯಬೇಡಿ. "ಜೋಡಣೆ ಬಾಕಿ" ಅನ್ನೋ ಒಂದು ಅಥಾರಿಟಿ ಕೊಟ್ಟು ಸಕ್ಸೆಸ್ ಹ್ಯಾಂಡ್ಲರ್‌ನಲ್ಲಿ ತಿರುಗಿಸಿ.

ಈ ಓಆತ್, ಓಐಡಿಸಿ ವ್ಯತ್ಯಾಸ ಮಕ್ಕಳಿಗೂ ತಲೆಗೆ ಹೋಗಲ್ಲ, ಹೇಳೇಬಿಡ್ತೀನಿ. 2012ರ ಓಆತ್ 2.0, ಆರ್‌ಎಫ್‌ಸಿ 6749, ಹುಟ್ಟಿದ್ದು ಅನುಮತಿ ಕೊಡೋಕೆ: ಈ ಆ್ಯಪ್ ನನ್ನ ಕ್ಯಾಲೆಂಡರ್ ಓದಬಹುದು, ಅಷ್ಟೇ. ಬಂದಿರೋರು ಯಾರು ಅಂತ ಅದು ಹೇಳಲ್ಲ. ಜನ ಅದನ್ನೇ ಲಾಗಿನ್‌ಗೆ ಬಳಸಕ್ಕೆ ಶುರು ಮಾಡಿದ್ರು, ಒಬ್ಬೊಬ್ರು ಒಂದೊಂದು ಥರ. 2014ರ ಫೆಬ್ರವರಿಯಲ್ಲಿ ಬಂದ ಓಪನ್‌ಐಡಿ ಕನೆಕ್ಟ್ ಅದರ ಮೇಲೆ ಐಡಿ ಟೋಕನ್ ಅಂತ ಒಂದು ಸಹಿ ಮಾಡಿದ ಜೆಡಬ್ಲ್ಯೂಟಿ (ಜೇಸನ್ ವೆಬ್ ಟೋಕನ್) ಸೇರಿಸಿತು. ಸಹಿ ಸರಿಯಾ, ಇಶ್ಯೂಯರ್ ಗೂಗಲ್ಲೇನಾ, ಆಡಿಯನ್ಸ್ ನಮ್ಮ ಕ್ಲೈಂಟ್ ಐಡಿನಾ, ಅವಧಿ ಇದೆಯಾ, ನಾನ್ಸ್ (ಒಂದೇ ಸಲಕ್ಕೆ ಬಳಸೋ ಯಾದೃಚ್ಛಿಕ ಮೌಲ್ಯ) ನಾವು ಕಳಿಸಿದ್ದೇನಾ ಇವೆಲ್ಲ ಸ್ಪ್ರಿಂಗ್ ನೋಡುತ್ತೆ.

ನಮ್ಮಲ್ಲಿ ಪ್ರಾಜೆಕ್ಟ್ ಮಾಡೋ ಮಕ್ಕಳು ಜಾವಾಸ್ಕ್ರಿಪ್ಟ್‌ನಲ್ಲಿ ಟೋಕನ್ ತಗೊಂಡು ಸರ್ವರ್‌ಗೆ ಕಳಿಸ್ತಾರೆ, ಸರ್ವರ್‌ನಲ್ಲಿ ಚುಕ್ಕಿಗಳ ನಡುವಿನ ಭಾಗ ಬೇಸ್64 ಬಿಚ್ಚಿ ಇಮೇಲ್ ಓದಿ "ಲಾಗಿನ್ ಸಕ್ಸಸ್" ಅಂತಾರೆ. ಸಹಿ ನೋಡೇ ಇಲ್ಲ. ಯಾರು ಬೇಕಾದ್ರೂ ಕೂತು ಅಂಥ ಟೋಕನ್ ಟೈಪ್ ಮಾಡಬಹುದು. ವೈವಾದಲ್ಲಿ ಅವರ ಮುಂದೇನೇ ಪ್ರಿನ್ಸಿಪಾಲರ ಹೆಸರಲ್ಲಿ ಲಾಗಿನ್ ಆಗಿ ತೋರಿಸ್ತೀನಿ.

---

ಬೇಲೂರು ಜೆಎಸ್‌ಪಿ

ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ರ ಇರೋದು ಜಾವಾ 8, ಜೆಎಸ್‌ಪಿ, ಟಾಮ್‌ಕ್ಯಾಟ್ 9. ಸ್ಪ್ರಿಂಗ್ ಇಲ್ಲ. ಬರೆದವರು ಯಾವತ್ತೋ ಬಿಟ್ಟು ಹೋಗಿದಾರೆ. ಇದಕ್ಕೆ ಗೂಗಲ್ ಲಾಗಿನ್ ಹಾಕಬೇಕಂತೆ. ನಾನೇ ಸರ್ವ್ಲೆಟ್‌ನಲ್ಲಿ ಬರೀಬಹುದಾ?

---

ಹಾಸನದ ಹಳೇ ಟಾಮ್‌ಕ್ಯಾಟ್

ಬರೀಬಹುದು, ಬರೀಬೇಡಿ. ಸ್ಟೇಟ್, ನಾನ್ಸ್, ಕೀ ಬದಲಾವಣೆ, ಸಹಿ ಇಷ್ಟರಲ್ಲಿ ಒಂದು ಬಿಟ್ರೂ ಆ್ಯಪ್ ಓಡುತ್ತೆ, ಬಾಗಿಲು ತೆರೆದಿರುತ್ತೆ, ಯಾರಿಗೂ ಗೊತ್ತಾಗಲ್ಲ.

ಕೋಡ್ ಮುಟ್ಟೋಕೆ ಧೈರ್ಯ ಇದ್ರೆ ಪ್ಯಾಕ್4ಜೆ ಅಥವಾ ನಿಂಬಸ್ ಲೈಬ್ರರಿ ನೋಡಿ. ಜಕಾರ್ತಾ ಸೆಕ್ಯುರಿಟಿ 3.0ರಲ್ಲಿ, ಅಂದ್ರೆ 2022ರ ಜಕಾರ್ತಾ ಇಇ 10ರಲ್ಲಿ, ಓಪನ್‌ಐಡಿಗೆ ಒಂದು ಆನೋಟೇಶನ್ನೇ ಬಂದಿದೆ. ಆದ್ರೆ ಅದಕ್ಕೆ ಜಾವಾ 11 ಬೇಕು, ಜಾವಾಎಕ್ಸ್ ಇಂಪೋರ್ಟ್‌ಗಳೆಲ್ಲ ಜಕಾರ್ತಾ ಆಗಬೇಕು. ನಿಮ್ಮ ಸ್ಥಿತಿಯಲ್ಲಿ ಅದು ಮನೆ ಕೆಡವಿ ಕಟ್ಟಿದ ಹಾಗಾಗುತ್ತೆ.

ನಾನಾಗಿದ್ರೆ ಮುಂದೆ ಅಪಾಚೆ ಇಟ್ಟು ಮಾಡ್ ಆತ್ ಓಪನ್‌ಐಡಿಸಿ ಹಾಕ್ತಿದ್ದೆ. ಲಾಗಿನ್ ಪೂರ್ತಿ ಅದೇ ಮಾಡಿ, ಸಬ್ ಮೌಲ್ಯವನ್ನ ಹೆಡರ್‌ನಲ್ಲಿ ಒಳಗೆ ಕಳಿಸುತ್ತೆ. ನೀವು ಒಂದು ಸಣ್ಣ ಫಿಲ್ಟರ್ ಬರೆದು ಹೆಡರ್ ಓದಿ ಸೆಷನ್‌ಗೆ ಹಾಕೋದು. ಷರತ್ತು ಒಂದೇ, ಟಾಮ್‌ಕ್ಯಾಟ್ ಪೋರ್ಟ್ ಹೊರಗೆ ಕಾಣಬಾರದು. ಕಂಡ್ರೆ ಹೆಡರ್ ಹಾಕಿ ಬಂದವನೇ ಯಜಮಾನ.

---

ಸಕಲೇಶಪುರ ಲೋಕಲ್

ಇಬ್ಬರಿಗೂ ಕೀಕ್ಲೋಕ್ (ಲಾಗಿನ್‌ಗಂತಲೇ ಇರೋ ಪ್ರತ್ಯೇಕ ಸರ್ವರ್) ಹಾಕಿಬಿಡಿ ಅಂತ ನಾನು ಹೇಳ್ತೀನಿ. ಗೂಗಲ್, ಪಾಸ್‌ವರ್ಡ್, ಎಲ್ಲ ಒಂದೇ ಕಡೆ, ಅಡ್ಮಿನ್ ಪುಟ ರೆಡಿ. ಸುಮ್ನೆ ಯಾಕೆ ಟೇಬಲ್ ಗೀಬಲ್.

---

ಹಾಸನದ ಹಳೇ ಟಾಮ್‌ಕ್ಯಾಟ್

ಕೀಕ್ಲೋಕ್ ಒಳ್ಳೇ ಸಾಮಾನೇ. ನಾಲ್ಕು ಆ್ಯಪ್ ಇದ್ದು, ನೋಡ್ಕೊಳ್ಳಕ್ಕೆ ಒಬ್ಬ ಇದ್ರೆ ಕಣ್ಮುಚ್ಚಿ ಹಾಕಿ. ಒಂದು ಆ್ಯಪ್, ಒಂದು ಹಳೇ ಮೆಷೀನು, ಒಬ್ಬ ಹುಡುಗ ಇರೋ ಕಡೆ ಅದನ್ನ ಇಟ್ರೆ ಅಪ್‌ಗ್ರೇಡ್ ಮಾಡಬೇಕಾದ ಸಾಮಾನು ಇನ್ನೊಂದಾಯ್ತು. ಯಾವ ಜಿಮೇಲ್ ಯಾವ ಸದಸ್ಯರದ್ದು ಅನ್ನೋ ಪ್ರಶ್ನೆಗೆ ಕೀಕ್ಲೋಕ್ ಹತ್ರಾನೂ ಉತ್ತರ ಇಲ್ಲ, ಆ ಟೇಬಲ್ ಹೇಗೂ ಬೇಕು.

---

ಮೂಡಿಗೆರೆ ಮಳೆ (ಶನಿವಾರ)

ಆಫೀಸಿನವರಿಗೆ ಕೊಟ್ಟು ನೋಡಿದೆ. ಬ್ರೌಸರ್‌ನಲ್ಲಿ ಎಲ್ಲ ಸರಿ. ಆದ್ರೆ ಸಂಘಕ್ಕೆ ಯಾರೋ ಹಿಂದೆ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದಾರೆ, ಒಳಗೆ ನಮ್ಮ ವೆಬ್ ಪುಟವನ್ನೇ ವೆಬ್‌ವ್ಯೂನಲ್ಲಿ (ಆ್ಯಪ್ ಒಳಗಿನ ಪುಟ್ಟ ಬ್ರೌಸರ್) ತೋರಿಸೋದು ಅಷ್ಟೇ. ಅದ್ರಲ್ಲಿ ಗೂಗಲ್ ಒತ್ತಿದ್ರೆ 403, ಡಿಸ್‌ಅಲೌಡ್ ಯೂಸರ್ ಏಜೆಂಟ್.

---

ಸಕಲೇಶಪುರ ಲೋಕಲ್

ವೆಬ್‌ವ್ಯೂ ಯೂಸರ್ ಏಜೆಂಟ್ ಸ್ಟ್ರಿಂಗ್ ಬದಲಾಯಿಸಿ ಕ್ರೋಮ್ ಅಂತ ಹಾಕಿದ್ರೆ ಹೋಗುತ್ತೆ ಅಂತ ಕೇಳಿದೀನಿ.

---

ಬೀಗದಕೈ

ಬೇಡ. ಗೂಗಲ್ 2016ರಲ್ಲಿ ಹೇಳಿ 2017ರಲ್ಲಿ ವೆಬ್‌ವ್ಯೂ ಮುಚ್ಚಿದ್ದಕ್ಕೆ ಕಾರಣ ಇದೆ. ವೆಬ್‌ವ್ಯೂ ಒಳಗೆ ಟೈಪ್ ಮಾಡಿದ ಪಾಸ್‌ವರ್ಡನ್ನ ಆ ಆ್ಯಪ್ ಓದಬಹುದು. ವೇಷ ಹಾಕಿ ನುಗ್ಗಿದ್ರೆ ಇವತ್ತು ಹೋಗಬಹುದು, ಕೊಯ್ಲಿನ ಮಧ್ಯೆ ಒಂದು ದಿನ ನಿಲ್ಲುತ್ತೆ. ಆ್ಯಪ್ ಕೋಡ್ ಕೈಲಿದ್ರೆ ಲಾಗಿನ್ ಪುಟವನ್ನ ಕಸ್ಟಮ್ ಟ್ಯಾಬ್‌ನಲ್ಲಿ (ಆ್ಯಪ್ ಮೇಲೆ ತೆರೆಯೋ ನಿಜವಾದ ಬ್ರೌಸರ್) ತೆರೆಯಿರಿ. ಅದರಲ್ಲೊಂದು ತೊಡಕಿದೆ, ಕಸ್ಟಮ್ ಟ್ಯಾಬ್‌ನ ಕುಕಿ ವೆಬ್‌ವ್ಯೂಗೆ ಬರಲ್ಲ. ಹಾಗಾಗಿ ಇಡೀ ಆ್ಯಪನ್ನೇ ಕಸ್ಟಮ್ ಟ್ಯಾಬ್ ಮೇಲೆ ಕೂರಿಸೋದು ಲೇಸು. ಕೋಡ್ ಕೈಲಿಲ್ಲ ಅಂದ್ರೆ ಆ ಆ್ಯಪ್ ತೆಗೆಸಿ, ಕ್ರೋಮ್‌ನಲ್ಲಿ "ಹೋಮ್ ಸ್ಕ್ರೀನ್‌ಗೆ ಸೇರಿಸಿ" ಮಾಡಿಕೊಡಿ. ಐಕಾನ್ ಕಂಡ್ರೆ ಸಾಕು, ಸದಸ್ಯರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಇದ್ರ ಜೊತೆ ಒಂದು ಕೇಳ್ತೀನಿ. ಗೂಗಲ್ ಕನ್ಸೋಲ್ ಪ್ರಾಜೆಕ್ಟ್ ಯಾರ ಜಿಮೇಲ್‌ನಲ್ಲಿದೆ?

---

ಮೂಡಿಗೆರೆ ಮಳೆ

ನನ್ನದೇ.

---

ಬೀಗದಕೈ

ಸಂಘದ ಹೆಸರಿನ ಅಕೌಂಟ್‌ಗೆ ಬದಲಾಯಿಸಿ, ಕಾರ್ಯದರ್ಶಿ ಮತ್ತು ಇನ್ನೊಬ್ಬರನ್ನ ಓನರ್ ಮಾಡಿ. ನಾಳೆ ನಿಮಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದ್ರೆ ಸಂಘದ ಬೀಗ ನಿಮ್ಮ ಜೇಬಲ್ಲಿ ಹೋಗುತ್ತೆ. ಪಬ್ಲಿಷಿಂಗ್ ಸ್ಥಿತಿ ಟೆಸ್ಟಿಂಗ್‌ನಲ್ಲೇ ಇದ್ಯಾ ಅಂತಾನೂ ನೋಡಿ. ಅಲ್ಲಿರೋ ತನಕ ಪಟ್ಟಿಗೆ ಸೇರಿಸಿದ ಟೆಸ್ಟ್ ಬಳಕೆದಾರರ ಲೆಕ್ಕ, ಗರಿಷ್ಠ 100. ಕ್ಲೈಂಟ್ ಸೀಕ್ರೆಟ್ ಗಿಟ್‌ನೊಳಗೆ ಇರಬಾರದು. ಸಿಸ್ಟಮ್‌ಡಿ ಎನ್ವಿರಾನ್ಮೆಂಟ್ ಫೈಲ್‌ನಲ್ಲಿ ಇಟ್ಟು 600 ಪರ್ಮಿಷನ್ ಕೊಡಿ.

---

ಮೂಡಿಗೆರೆ ಮಳೆ (ಮುಂದಿನ ಗುರುವಾರ)

ನಿನ್ನೆ ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಗಿ ಬೆಳಗ್ಗೆ ಬಂತು. ಸರ್ವರ್ ಎದ್ದಿದೆ, ಆ್ಯಪ್ ಎದ್ದಿಲ್ಲ. ಕೈಯಿಂದ ಎಬ್ಬಿಸಿದ ಮೇಲೆ ಎದ್ದಿತು, ಆದ್ರೆ ಯಾರಿಗೂ ಲಾಗಿನ್ ಇಲ್ಲ, ಇನ್‌ವ್ಯಾಲಿಡ್ ಐಡಿ ಟೋಕನ್.

---

ಹಾಸನದ ಹಳೇ ಟಾಮ್‌ಕ್ಯಾಟ್

ಎರಡು ಬೇರೆ ಬೇರೆ ಕಾಯಿಲೆ. ಪ್ರಾಪರ್ಟೀಸ್‌ನಲ್ಲಿ ಪ್ರೊವೈಡರ್ ಕೆಳಗೆ ಇಶ್ಯೂಯರ್ ಯುಆರ್‌ಐ ಅಂತ ಕೊಟ್ಟಿದೀರಾ? ಕೊಟ್ಟಿದ್ರೆ ಸ್ಪ್ರಿಂಗ್ ಏಳೋವಾಗಲೇ ಗೂಗಲ್‌ಗೆ ಹೋಗಿ ಡಿಸ್ಕವರಿ ಡಾಕ್ಯುಮೆಂಟ್ (ಅದರ ಲಾಗಿನ್ ವಿಳಾಸಗಳ ಪಟ್ಟಿ) ತರುತ್ತೆ. ಕರೆಂಟ್ ಬಂದಾಗ ಮೆಷೀನ್ ಬೇಗ ಎದ್ದು ಫೈಬರ್ ಡಬ್ಬ ಇನ್ನೂ ಹಸಿರು ದೀಪ ಹಾಕಿರಲ್ಲ. ಗೂಗಲ್ ಸಿಗಲ್ಲ, ಆ್ಯಪ್ ಬೀಳುತ್ತೆ. ಗೂಗಲ್‌ಗೆ ಆ ಸಾಲೇ ಬೇಡ, ಸ್ಪ್ರಿಂಗ್ ಒಳಗೇ ಗೂಗಲ್ ವಿಳಾಸಗಳೆಲ್ಲ ಇವೆ. ತೆಗೀರಿ. ಸಿಸ್ಟಮ್‌ಡಿಯಲ್ಲಿ ರೀಸ್ಟಾರ್ಟ್ ಆನ್ ಫೇಲ್ಯೂರ್ ಹಾಕಿ.

ಟೋಕನ್ ಎರರಿಗೆ ಡೇಟ್ ಕಮಾಂಡ್ ಹೊಡೆದು ಗಡಿಯಾರ ನೋಡಿ. ಹಳೇ ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿರುತ್ತೆ, ಕರೆಂಟ್ ಹೋಗಿ ಬಂದ್ರೆ ಟೈಮ್ ಎಲ್ಲೋ ಇರುತ್ತೆ. ಸ್ಪ್ರಿಂಗ್ 60 ಸೆಕೆಂಡಿನ ಹೆಚ್ಚುಕಮ್ಮಿ ತಡ್ಕೊಳ್ಳುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಟೋಕನ್ ಒಪ್ಪಲ್ಲ. ಕ್ರೋನಿ (ನೆಟ್‌ನಿಂದ ಗಡಿಯಾರ ಸರಿ ಮಾಡೋ ಪ್ರೋಗ್ರಾಂ) ಹಾಕಿ, ಸೆಲ್ ಬದಲಾಯಿಸಿ.

---

ಮೂಡಿಗೆರೆ ಮಳೆ

ಡೇಟ್ ಹೊಡೆದೆ. ಸರ್ವರ್ ಇನ್ನೂ ನಿನ್ನೆ ರಾತ್ರಿಯಲ್ಲೇ ಇದೆ ಮಾರಾಯ್ರೆ.

---

ಲ್ಯಾಬ್ ಮೇಡಂ

ಮಳೆಗಾಲದ ಇನ್ನೊಂದು ವಿಷಯ. ಮರ ಬಿದ್ದು ಫೈಬರ್ ತುಂಡಾದ್ರೆ ಆಫೀಸ್ ಒಳಗಿನ ನೆಟ್‌ವರ್ಕ್ ಇರುತ್ತೆ, ಸರ್ವರ್ ಇರುತ್ತೆ, ಗೂಗಲ್ ಇರಲ್ಲ. ಸಿಬ್ಬಂದಿಗೂ ಗೂಗಲ್ ಲಾಗಿನ್ ಒಂದನ್ನೇ ಇಟ್ರೆ ಪಕ್ಕದ ಕೋಣೆಯಲ್ಲಿರೋ ಸರ್ವರ್‌ಗೇ ಅವರು ಹೋಗಕ್ಕಾಗಲ್ಲ. ಸಿಬ್ಬಂದಿಗೆ ಫಾರಂ ಲಾಗಿನ್ ಇಟ್ಕೊಳ್ಳಿ, ಅದಕ್ಕೆ ಅಥೆಂಟಿಕೇಟರ್ ಆ್ಯಪ್‌ನ ಆರಂಕಿ ಕೋಡ್ ಜೋಡಿಸಿ. ಅದಕ್ಕೆ ನೆಟ್ ಬೇಡ, ಗಡಿಯಾರ ಸರಿ ಇದ್ರೆ ಸಾಕು. ಸ್ಪ್ರಿಂಗ್‌ನಲ್ಲಿ ಫಾರಂ ಲಾಗಿನ್ ಮತ್ತು ಓಆತ್2 ಲಾಗಿನ್ ಒಂದೇ ಫಿಲ್ಟರ್ ಚೈನ್‌ನಲ್ಲಿ ಒಟ್ಟಿಗೆ ಇರಬಹುದು.

---

ತೋಟದ ರೈಟರ್

ನನ್ನದು ಜೋಡಣೆ ಆಯ್ತು, ಎರಡೂ ಖಾತೆ ಪಟ್ಟಿಯಲ್ಲಿ ಕಾಣ್ತಿದೆ. ಒಂದು ಅನುಮಾನ. ಆಫೀಸಲ್ಲಿ ಸದಸ್ಯರಿಗೆ ಅಂತ ಒಂದು ಕಂಪ್ಯೂಟರ್ ಇಟ್ಟಿದಾರೆ. ಅಲ್ಲಿ ನೋಡಿ ಲಾಗ್‌ಔಟ್ ಮಾಡಿದೆ. ನನ್ನ ಹಿಂದೆ ನಿಂತವರು ಗೂಗಲ್ ಬಟನ್ ಒತ್ತಿದ್ರು, ಏನೂ ಕೇಳದೆ ನನ್ನ ಖಾತೆಗೇ ಹೋಯ್ತು!

---

ಬೀಗದಕೈ

ನೀವು ಲಾಗ್‌ಔಟ್ ಆಗಿದ್ದು ಸಂಘದ ಆ್ಯಪ್‌ನಿಂದ. ಬ್ರೌಸರ್‌ನಲ್ಲಿ ಗೂಗಲ್ ಸೆಷನ್ ಹಾಗೇ ಇತ್ತು. ಓಪನ್‌ಐಡಿಯಲ್ಲಿ ಪ್ರೊವೈಡರ್‌ನಿಂದಲೂ ಹೊರಗೆ ಹಾಕೋ ಎಂಡ್ ಸೆಷನ್ ವಿಳಾಸ ಅಂತ ಒಂದಿದೆ, ಗೂಗಲ್ ಅದನ್ನ ಕೊಟ್ಟಿಲ್ಲ. ಮಳೆಯವರೇ, ಆಥರೈಸೇಶನ್ ರಿಕ್ವೆಸ್ಟ್ ರಿಸಾಲ್ವರ್‌ನ ಕಸ್ಟಮೈಸರ್‌ನಲ್ಲಿ ಪ್ರಾಂಪ್ಟ್ ಅನ್ನೋ ಪ್ಯಾರಾಮೀಟರ್‌ಗೆ ಸೆಲೆಕ್ಟ್ ಅಕೌಂಟ್ ಅಂತ ಸೇರಿಸಿ. ಆಗ ಪ್ರತಿ ಸಲ ಯಾವ ಅಕೌಂಟ್ ಅಂತ ಕೇಳುತ್ತೆ. ಆದ್ರೂ ಪಟ್ಟಿಯಲ್ಲಿ ಹಿಂದಿನವರ ಹೆಸರು ಇರುತ್ತೆ, ಒತ್ತಿದ್ರೆ ಹೋಗಿಬಿಡುತ್ತೆ. ಹಾಗಾಗಿ ಆ ಕಂಪ್ಯೂಟರ್‌ನಲ್ಲಿ ಕ್ರೋಮ್ ಗೆಸ್ಟ್ ಮೋಡ್‌ನಲ್ಲೇ ತೆರೆಯೋ ಹಾಗೆ ಶಾರ್ಟ್‌ಕಟ್ ಮಾಡಿ, ಬೇರೆ ಐಕಾನ್ ಎಲ್ಲ ತೆಗೀರಿ. ಕಿಟಕಿ ಮುಚ್ಚಿದ್ರೆ ಎಲ್ಲ ಅಳಿಸಿ ಹೋಗುತ್ತೆ.

ರೈಟರ್ ಅವರೇ, ನೀವು ಈಗಲೇ ನಿಮ್ಮ ಫೋನಲ್ಲಿ ಗೂಗಲ್ ಅಕೌಂಟ್ ತೆರೆದು, ಭದ್ರತೆ, ನಿಮ್ಮ ಸಾಧನಗಳು ಅಂತ ಹೋಗಿ ಆ ಕಂಪ್ಯೂಟರನ್ನ ಸೈನ್ ಔಟ್ ಮಾಡಿ.

---

ತೋಟದ ರೈಟರ್

ಮಾಡ್ದೆ. ಪಟ್ಟಿಯಲ್ಲಿ ನಮ್ಮ ಮೊಬೈಲ್ ಅಂಗಡಿಯವನ ಫೋನೂ ಇತ್ತು. ಅದನ್ನೂ ತೆಗೆದೆ, ಪಾಸ್‌ವರ್ಡೂ ಬದಲಾಯಿಸಿದೆ.